ಹುಲ್ಯಾನ ಹತ್ತು ದಿನ

ನಮ್ಮ ಓಣಿಯ ಮೂಲೆಯಲ್ಲಿ ಹೊಸ ಮನೆಯೊಂದು ಎದ್ದಿದೆ. ಗೇಟಿಗೆ ಮರಾಠಿಯಲ್ಲಿ ‘ಕುತ್ರ್ಯಾಪಾಸೂನ ಸಾವಧಾನ’, ಅಂದರೆ ನಾಯಿಯಿಂದ ಎಚ್ಚರವಾಗಿರಿ ಎಂಬ ಫಲಕ ಹಾಕಿದ್ದಾರೆ. ಮೊನ್ನೆ ಅಲ್ಲಿಗೆ ಒಂದು ಲಗ್ನಪತ್ರಿಕೆ ಕೊಡಲು ಹೋದವನು ಫಲಕಕ್ಕೆ ಮರ್ಯಾದೆ ಕೊಟ್ಟು ಹೊರಗೇ ನಿಂತು ಕೂಗಿದೆ. ಮನೆಯಾಕೆ ಬಂದರು. ಅವರ ಕಂಕುಳಲ್ಲಿ ಉಪ್ಪಿನಕಾಯಿ ಭರಣಿಯಷ್ಟು ದೊಡ್ಡ ನಾಯಿ ಇತ್ತು. ನನ್ನನ್ನು ನೋಡಿ ಅದು ಗಡಗಡ ನಡುಗಿತು. ನನಗೆ ನಗು ಬಂತು. ಆಕೆಗೆ ಸಿಟ್ಟು ಬಂತು. ಪತ್ರಿಕೆ ಇಸಿದುಕೊಂಡು ಗೇಟು ಹಾಕಿಬಿಟ್ಟರು. ನಾನು ನಕ್ಕದ್ದು ನಿಮ್ಮ ನಾಯಿಗಲ್ಲ ತಾಯಿ ಎಂದು ಗೇಟಿನ ಹೊರಗಿನಿಂದ ಹೇಳುವುದು ಹೇಗೆ? ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಅಕ್ಕಲಕೋಟದ ಹತ್ತಿರದ ನಮ್ಮ ಹಳ್ಳಿ ತಡವಳದಲ್ಲಿ ಮನೆಗೆ ಫಲಕ ಇರಲಿಲ್ಲ. ಹಾಕಿದ್ದರೂ ಉಪಯೋಗವಿರಲಿಲ್ಲ. ಊರಲ್ಲಿ ಓದು ಬರುತ್ತಿದ್ದವರು ಆಗ ಕೆಲವೇ ಜನ. ಅವರನ್ನೆಲ್ಲ ಹುಲ್ಯಾ ಒಂದೊಂದು ಸಲ ಕಚ್ಚಿ ಆಗಿತ್ತು.

ಹುಲ್ಯಾ ಕುರಿ ಹಟ್ಟಿಯಲ್ಲಿ ಬೆಳೆದ ನಾಯಿ. ತೋಳದ ಜತೆ ಬಡಿದಾಡಿ ಅರ್ಧ ಕಿವಿ ಕಳೆದುಕೊಂಡಿತ್ತು. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಕುರಿಗಳು ದೊಡ್ಡಪ್ಪನ ಮಕ್ಕಳ ಹಿಂಡು ಸೇರಿದವು. ನಾಯಿ ಮಾತ್ರ ಅಪ್ಪನ ಹಿಂದೆ ಮನೆಗೆ ಬಂತು. ಕುಸ್ತಿ ಬಿಟ್ಟ ಪೈಲ್ವಾನನ ಹಾಗೆ ಅಂಗಳದಲ್ಲಿ ಕೂತು, ಯಾರಾದರೂ ಸಿಗುತ್ತಾರೇನೋ ಎಂದು ದಾರಿ ನೋಡುತ್ತಿತ್ತು. ತೋಳ ಇಲ್ಲದಿದ್ದರೇನಾಯಿತು, ಊರ ಜಮೀನಿನ ಲೆಕ್ಕ ಬರೆಯುವ ತಲಾಠಿ ಇದ್ದ, ಮಾಸ್ತರರಿದ್ದರು.

ಅದನ್ನು ಏನೂ ಮಾಡುವಂತಿರಲಿಲ್ಲ. ಅದು ಮರಿಯಾಗಿದ್ದಾಗಲೇ ಅಪ್ಪ ಒಂದು ಐತವಾರ, ಅಂದರೆ ದೇವರ ವಾರವಾದ ಭಾನುವಾರ, ಅದರ ಹಣೆಗೆ ಅರಿಶಿನದ ಭಂಡಾರ ಹಚ್ಚಿ, ಮೈಲಾರಲಿಂಗನ ಹೆಸರಿಗೆ ಬಿಟ್ಟುಬಿಟ್ಟಿದ್ದರು. ನಾಯಿ ಎಂದರೆ ಮೈಲಾರಲಿಂಗನ ಜತೆಗಾರ. ಅದರಲ್ಲೂ ಅರಿಶಿನ ಹಚ್ಚಿಸಿಕೊಂಡ ನಾಯಿಯನ್ನು ಹೊಡೆಯುವಂತಿಲ್ಲ, ಹೊಸ್ತಿಲ ಹೊರಗೆ ಹಾಕುವಂತಿಲ್ಲ. ಒಲೆಯ ಮೇಲಿನ ಮೊದಲ ರೊಟ್ಟಿ ಅದಕ್ಕೆ. ಯಾರಾದರೂ ಕಾಲು ಹಿಡಿದುಕೊಂಡು ದೂರು ತಂದರೆ ಅಪ್ಪ ಮನೆಯಿಂದ ಚಿಟಿಕೆ ಭಂಡಾರ ತಂದು ಅವರ ಹಣೆಗೂ ಹಚ್ಚಿ, “ದೇವರ ಹಲ್ಲು ತಾಗೈತಿ, ಒಳ್ಳೇದಾಗ್ತೈತಿ ಹೋಗ್ರಿ” ಎನ್ನುತ್ತಿದ್ದರು. ತಲಾಠಿಗೆ ಮುಂದೆ ನಿಜವಾಗಿಯೂ ಬಡ್ತಿ ಸಿಕ್ಕಿತು. ಅದರಿಂದ ಅಪ್ಪನ ವಾದ ಇನ್ನೂ ಗಟ್ಟಿಯಾಯಿತು.

ಎಪ್ಪತ್ತರ ದಶಕದ ನಡುವೆ ನನ್ನ ಮದುವೆಯಾಯಿತು. ನನಗೆ ಇಪ್ಪತ್ತಮೂರು. ಏಳನೇ ಇಯತ್ತೆ ಪಾಸಾಗಿ ಆಗ ಎರಡೇ ವರ್ಷವಾಗಿತ್ತು. ಕುರಿ ಬಿಟ್ಟು ಶಾಲೆಗೆ ಹೋದದ್ದೇ ತಡವಾಗಿ. ನಾಲ್ಕನೇ ಇಯತ್ತೆಯಲ್ಲಿದ್ದಾಗ ನನಗೆ ಮೀಸೆ ಬಂದಿತ್ತು, ತಪಾಸಣೆಗೆ ಬಂದ ಸಾಹೇಬರು ಮಾಸ್ತರರನ್ನು ಬಿಟ್ಟು ನನಗೆ ನಮಸ್ಕಾರ ಮಾಡಿದ್ದರು. ಹುಡುಗನಿಗೆ ಪಂಚಾಯತಿಯಲ್ಲಿ ನೌಕರಿ ಎಂದು ಅಪ್ಪ ಬೀಗರಿಗೆ ಹೇಳಿದ್ದು ಸುಳ್ಳಲ್ಲ. ಬಾಗಿಲು ತೆಗೆಯುವುದೂ ನೌಕರಿಯೇ.

ರತ್ನಾ ಸೋಲಾಪುರದ ಹುಡುಗಿ, ಮ್ಯಾಟ್ರಿಕ್ ಪಾಸಾದವಳು. ಅವಳ ತಂದೆ, ಅಂದರೆ ನನ್ನ ಮಾಮಾ, ಕಂದಲಗಾಂವದಲ್ಲಿ ನಮ್ಮ ಹಾಗೇ ಕುರಿ ಕಾಯ್ದು ದೊಡ್ಡವರಾದವರು. ಆಮೇಲೆ ಸೋಲಾಪುರಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರ ಚಾದರದ ಅಂಗಡಿ ಇಟ್ಟರು. ಅವರಿಗೆ ಓದಲು ಬರುತ್ತಿರಲಿಲ್ಲ. ನವಿಲಿನ ಚಾದರ, ಹುಲಿಯ ಚಾದರ ಎಂದು ಚಿತ್ರದ ಮೇಲೆಯೇ ವ್ಯಾಪಾರ ನಡೆಸುತ್ತಿದ್ದರು. ಮನೆಯಲ್ಲಿ ಕಾಗದ ಪತ್ರ ಓದುವ ಕೆಲಸವೆಲ್ಲ ರತ್ನಾಳದು.

ಅವಳು ನಮ್ಮ ಮನೆಗೆ ಬಂದು ಮೂರು ತಿಂಗಳಾದರೂ ಹುಲ್ಯಾ ಅವಳನ್ನು ಒಪ್ಪಲಿಲ್ಲ. ಬೊಗಳುತ್ತಿರಲಿಲ್ಲ. ಅವಳು ಕೊಡ ಹಿಡಿದು ಅಂಗಳಕ್ಕೆ ಕಾಲಿಟ್ಟರೆ ಸುಮ್ಮನೆ ಎದ್ದು ನಿಲ್ಲುತ್ತಿತ್ತು. ಅವಳು ಹಿಂದೆ ಸರಿದರೆ ಕೂರುತ್ತಿತ್ತು. ಅವ್ವ ರೊಟ್ಟಿ ಚೂರು ಹಿಡಿದು ಮುಂದೆ ನಡೆದರೆ ಮಾತ್ರ ಅವಳು ಹಿತ್ತಲಿಗೆ ಹೋಗಬಹುದಿತ್ತು. ಇದು ನನಗೆ ಗೊತ್ತಿತ್ತೇ ಎಂದು ನೀವು ಕೇಳಬಹುದು. ಗೊತ್ತಿತ್ತು. ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ, ಮತ್ತು ನಮ್ಮ ಮನೆ ತುಂಬ ಹಿರಿಯರೇ ಇದ್ದರು. ಮೂರು ತಿಂಗಳಲ್ಲಿ ನಾವಿಬ್ಬರೂ ಆಡಿದ ಮಾತೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಯುತ್ತಿತ್ತು.

ರತ್ನಾ ತನ್ನ ಪೋಸ್ಟ್ ಕಾರ್ಡನ್ನು ತೌರಿಗೆ ಬರೆದಳು. ಅಂಗಡಿಯ ಗುಮಾಸ್ತ ಅದನ್ನು ಮಾಮಾನಿಗೆ ಓದಿ ಹೇಳಿದ. ಮಾಮಾ ಮರುದಿನದ ಬಸ್ಸಿಗೇ ಬಂದಿಳಿದರು.

ಬಿಳಿ ಧೋತರ, ಕರಿ ಟೋಪಿ, ಕೈಯಲ್ಲಿ ಕೊಡೆ. ಅಂಗಳಕ್ಕೆ ಬಂದವರೇ ಕೊಡೆ ಎತ್ತಿ, “ಎಲ್ಲೈತಿ ಆ ನಾಯಿ?” ಎಂದರು.

ನಾಯಿ ಅಲ್ಲೇ ಇತ್ತು.

“ಅಯ್ಯಯ್ಯೋ! ಹರದು ತಿಂದ್ಯಲ್ಲೋ ಮಗನ!”

ನಾನು ಓಡಿ ಬಂದು ಹುಲ್ಯಾನನ್ನು ತಬ್ಬಿ ಹಿಡಿದೆ. ಮಾಮಾನ ಬಲಗಾಲಿನ ಮೀನಖಂಡದಿಂದ ರಕ್ತ ಬರುತ್ತಿತ್ತು. ಅಪ್ಪ ಒಳಗಿನಿಂದ ನಿಧಾನವಾಗಿ ಬಂದು, “ಕೊಡಿ ಯಾಕ ಎತ್ತಿದ್ರಿ ಬೀಗರ? ಅದಕ್ಕ ಕೊಡಿ ಅಂದ್ರ ಆಗೂದಿಲ್ಲ” ಎಂದರು.

“ಕಚ್ಚಿಸ್ಕೊಂಡಾವ ನಾ, ತಪ್ಪೂ ನಂದಾ?”

“ತಪ್ಪಂತ ಯಾರ ಅಂದ್ರು? ಭಂಡಾರ ಹಚ್ತೀನಿ, ಕಾಲ ತರ್ರಿ.”

“ನಿಮ್ಮ ಭಂಡಾರ ನಿಮ್ಮ ತಲೀಗಿ ಹಚ್ಕೋರಿ!”

ಅಷ್ಟರಲ್ಲಿ ಅವ್ವ ಖಾರಪುಡಿಯ ಡಬ್ಬಿ ಹಿಡಿದು ಬಂದಳು. ನಾಯಿ ಕಚ್ಚಿದ ಗಾಯಕ್ಕೆ ಖಾರ ತುಂಬಿದರೆ ವಿಷ ಇಳಿಯುತ್ತದೆಂದು ಅವಳ ನಂಬಿಕೆ. ಮಾಮಾ ಗಾಬರಿಯಿಂದ ಕಾಲು ಮಡಚಿಕೊಂಡರು. ಆಗ ರತ್ನಾ ಒಂದು ಕೈಯಲ್ಲಿ ಸಾಬೂನು, ಇನ್ನೊಂದರಲ್ಲಿ ತಂಬಿಗೆ ಹಿಡಿದು ಅಂಗಳ ದಾಟಿ ಬಂದಳು. “ಖಾರ ಸಾರಿಗಿ ಇರಲಿ ಅತ್ತಿ” ಎಂದು ಅವ್ವನನ್ನು ಸರಿಸಿ ಗಾಯ ತೊಳೆಯುತ್ತ ಕೂತಳು. ಅವಳು ಒಬ್ಬಳೇ ಅಂಗಳ ದಾಟಿದ್ದು ಅದೇ ಮೊದಲು. ನಾವ್ಯಾರೂ ಅದನ್ನು ಗಮನಿಸಲಿಲ್ಲ.

ಮಾಮಾನನ್ನು ಅಕ್ಕಲಕೋಟದ ದವಾಖಾನೆಗೆ ಕರೆದುಕೊಂಡು ಹೋದವನು ನಾನೇ. ದಾರಿಯುದ್ದಕ್ಕೂ ಅವರದು ಒಂದೇ ಮಾತು. “ಹೊಳ್ಳಿ ಹೋದ ಮ್ಯಾಲ ಮೊದಲ ಆ ನಾಯಿ ಹೊಡಸ್ರಿ ಜಾವಾಯಿಬಾಪು. ನಿಮ್ಮೂರಾಗ ಬಂದೂಕ ಯಾರ ಕಡಿ ಐತಿ?” ಜಾವಾಯಿಬಾಪು ಎಂದರೆ ಅಳಿಯ, ಅಂದರೆ ನಾನು.

ಡಾಕ್ಟರು ಗಾಯ ನೋಡಿ, ಔಷಧ ಹಚ್ಚಿ, ಮರಾಠಿಯಲ್ಲಿ, “ದಹಾ ದಿವಸ ಕುತ್ರ್ಯಾವರ ಲಕ್ಷ ಠೇವಾ” ಎಂದರು. ಹತ್ತು ದಿನ ನಾಯಿಯ ಮೇಲೆ ಕಣ್ಣಿಡಿ, ಕಟ್ಟಿಹಾಕಿ ನೋಡಿ. ಹತ್ತು ದಿನ ನೆಟ್ಟಗಿದ್ದರೆ ನಿಮಗೂ ಭಯವಿಲ್ಲ. ಅದು ಊಟ ಬಿಟ್ಟರೆ, ಹುಚ್ಚುಚ್ಚಾಗಿ ಆಡಿದರೆ, ಸತ್ತರೆ, ಅದೇ ದಿನ ಇಲ್ಲಿಗೆ ಬರಬೇಕು.

“ಬಂದ್ರ ಏನ್ ಮಾಡ್ತೀರಿ?” ಎಂದರು ಮಾಮಾ.

“ಹದಿನಾಲ್ಕು ಸುಯಿ, ಇಂಜೆಕ್ಷನ್. ಹೊಕ್ಕಳ ಸುತ್ತ.”

ಮಾಮಾ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡರು. ದವಾಖಾನೆಯ ಮೆಟ್ಟಿಲು ಇಳಿಯುವಾಗಲೇ ಅವರ ನಡಿಗೆ ಜೋರಾಯಿತು. “ಲಗೂ ನಡೀರಿ ಜಾವಾಯಿಬಾಪು. ನಾ ಬೈದದ್ದ ಕೇಳಿ ಮನ್ಯಾಗ ಯಾರರ ನಾಯಿನ ಹೊಡದ ಗಿಡದಾರು. ಅದರ ಕೂದಲ ಸುದ್ದ ಕೊಂಕಬಾರದು!”

ಮನೆಗೆ ಬಂದು ಹುಲ್ಯಾ ಜೀವಂತವಿದ್ದುದನ್ನು ದೂರದಿಂದ ನೋಡಿ ಅವರಿಗೆ ಸಮಾಧಾನವಾಯಿತು. ಆಮೇಲೆ ಸಿಟ್ಟು ವಾಪಸು ಬಂತು. ಹತ್ತು ದಿನ ನಾಯಿಯನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಹನ್ನೊಂದನೇ ದಿನ ಅದನ್ನು ಮನೆಯಿಂದ ಹೊರಗೆ ಹಾಕಬೇಕು. ಇಲ್ಲದಿದ್ದರೆ ಮಗಳನ್ನು ಕಳಿಸುವುದಿಲ್ಲ. ಇಷ್ಟು ಹೇಳಿ ರತ್ನಾಳನ್ನು ಬಸ್ಸು ಹತ್ತಿಸಿಕೊಂಡು ಸೋಲಾಪುರಕ್ಕೆ ಹೋಗಿಬಿಟ್ಟರು. ರತ್ನಾ ಹತ್ತುವಾಗ ನನ್ನ ಕಡೆ ನೋಡಿದಳು. ಏನಾದರೂ ಹೇಳಲಿ ಎಂದು ನೋಡಿದಳೆಂದು ನನಗೆ ಹೊಳೆದದ್ದು ಬಸ್ಸು ಹೋದ ಮೇಲೆ.

ದೇವರ ನಾಯಿಯನ್ನು ಕಟ್ಟುವುದು ಹೇಗೆ ಎಂಬುದು ಅಪ್ಪನ ಚಿಂತೆ. ಕೊನೆಗೆ ಹಗ್ಗಕ್ಕೇ ಭಂಡಾರ ಹಚ್ಚಿ, “ಹತ್ತ ದಿನಾ ತಡಕೋಪಾ ಮೈಲಾರಲಿಂಗ, ಬೀಗರ ಹೊಟ್ಟಿ ಸಲುವಾಗಿ” ಎಂದು ಕೈಮುಗಿದು, ತಾವೇ ಅಂಗಳದ ಬೇವಿನ ಮರಕ್ಕೆ ಕಟ್ಟಿದರು.

ಸುದ್ದಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮೂರಿನಿಂದ ಬಸ್ಸು ದಿನಕ್ಕೆ ಎರಡು ಸಲ ಅಕ್ಕಲಕೋಟ, ಕುಂಭಾರಿ ದಾಟಿ ಸೋಲಾಪುರಕ್ಕೆ ಹೋಗಿ ಬರುತ್ತಿತ್ತು. ಕಂಡಕ್ಟರ್ ಗಫೂರಭಾಯಿಯ ಕೈಯಲ್ಲಿ ಮುಂಜಾನೆ ಒಂದು ಚೀಟಿ ಕೊಡುವುದು, ಅವನು ಅದನ್ನು ಮಾಮಾನ ಅಂಗಡಿಗೆ ಮುಟ್ಟಿಸುವುದು, ರತ್ನಾ ಓದಿ ಹೇಳುವುದು, ಮಧ್ಯಾಹ್ನದ ಬಸ್ಸಿಗೆ ಉತ್ತರ ಬರುವುದು. ಮೊದಲ ಚೀಟಿ ಬರೆಯಲು ನನಗೆ ಒಂದು ತಾಸು ಹಿಡಿಯಿತು. ‘ಹುಲ್ಯಾ ಕ್ಷೇಮ. ಮುಂಜಾನೆ ಎರಡು ರೊಟ್ಟಿ ತಿಂದಿದೆ. ನೀರು ಕುಡಿದಿದೆ. ಪೋಸ್ಟ್‌ಮನ್‌ನನ್ನು ನೋಡಿ ಬೊಗಳಿದೆ.’

ಉತ್ತರ ರತ್ನಾಳ ಅಕ್ಷರದಲ್ಲಿತ್ತು. ‘ಬೊಗಳುವ ದನಿ ಮೊದಲಿನ ಹಾಗೇ ಇದೆಯೇ ಎಂದು ಅಪ್ಪ ಕೇಳುತ್ತಾರೆ.’

‘ಮೊದಲಿಗಿಂತ ಜೋರು ಇದೆ’ ಎಂದು ಬರೆದೆ.

ಗಫೂರಭಾಯಿ ಮೊದಲ ದಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡ. ಎರಡನೇ ದಿನ ತಾನು ಓದಿದ. ಮೂರನೇ ದಿನ ಬಸ್ಸಿಗೆಲ್ಲ ಕೇಳುವಂತೆ ಓದಿದ. ನಾಲ್ಕನೇ ದಿನದಿಂದ ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಹತ್ತುವ ಮಂದಿ ಜಾಗ ಇದೆಯೇ ಎಂದು ಕೇಳುವ ಮೊದಲು “ನಾಯಿ ಹ್ಯಾಂಗೈತಿ?” ಎಂದು ಕೇಳತೊಡಗಿದರು. ಕುಂಭಾರಿಯ ಒಬ್ಬ ಮುದುಕಿ ದಿನಾ ಬಸ್ಸಿಗೆ ಅಡ್ಡ ನಿಂತು ವಿಚಾರಿಸುತ್ತಿದ್ದಳಂತೆ. ಅವಳಿಗೆ ಎಲ್ಲಿಗೂ ಹೋಗುವುದಿರಲಿಲ್ಲ.

ನನಗೆ ಮಾತ್ರ ಚೀಟಿ ಬರೆಯುವುದು ಹಿತವಾಗತೊಡಗಿತ್ತು. ನಾನು ಬರೆದದ್ದನ್ನು ರತ್ನಾ ಓದುತ್ತಾಳೆ ಎಂಬುದು ತಲೆಯಲ್ಲಿ ಕೂತಿತ್ತು. ಆದರೆ ಬಸ್ಸು ತುಂಬ ಕೇಳುವ ಚೀಟಿಯಲ್ಲಿ ಬೇರೆ ಏನು ಬರೆಯಲಿ? ಐದನೇ ದಿನ ಧೈರ್ಯ ಮಾಡಿ, ‘ಹುಲ್ಯಾ ಕ್ಷೇಮ, ಮನೆಯಲ್ಲಿ ಬೇಸರ ಇದೆ’ ಎಂದು ಬರೆದೆ. ಮಧ್ಯಾಹ್ನ ಉತ್ತರ ಬಂತು. ‘ಬೇಸರ ನಾಯಿಗೋ ಹೇಗೆ ಎಂದು ಅಪ್ಪ ಗಾಬರಿಯಾಗಿದ್ದಾರೆ. ಸ್ಪಷ್ಟ ಬರೆಯಿರಿ.’

ಆರನೇ ದಿನ ಮುಂಜಾನೆ ಹುಲ್ಯಾ ರೊಟ್ಟಿ ಮೂಸಿ ನೋಡಿ ಮುಖ ತಿರುಗಿಸಿತು.

ಅವ್ವ ಬೆಲ್ಲ ಇಟ್ಟಳು. ಅದನ್ನೂ ಮುಟ್ಟಲಿಲ್ಲ. ಬೇವಿನ ಬುಡದಲ್ಲಿ ಅಡ್ಡ ಬಿದ್ದು ಕಣ್ಣು ಮುಚ್ಚಿತು. ನಾಯಿಗೆ ಏನಾದರೂ ಆದರೆ ಮಾಮಾನ ಗತಿ ಏನು? ಅವರಿಗೆ ಏನಾದರೂ ಆದರೆ ರತ್ನಾ ಈ ಹೊಸ್ತಿಲು ಮತ್ತೆ ತುಳಿಯುತ್ತಾಳೆಯೇ?

ಬಸ್ಸು ಹೊರಡುವ ಹೊತ್ತಾಗಿತ್ತು. ಅಪ್ಪ ಹತ್ತಿರ ಬಂದು, “ತಿಂದೈತಿ ಅಂತ ಬರದ ಬಿಡು. ಸಂಜಿಕ ತಿಂತೈತಿ” ಎಂದರು.

“ತಿನ್ನಲಿಕ್ರ?”

ಅಪ್ಪ ರೊಟ್ಟಿಯನ್ನು ಮತ್ತೆ ಹುಲ್ಯಾನ ಮೂತಿಯ ಹತ್ತಿರ ಸರಿಸಿದರು.

ನನಗೆ ಸುಳ್ಳು ಬರೆಯಲು ಆಗಲಿಲ್ಲ ಎಂದರೆ ನಾನೇನೋ ದೊಡ್ಡ ಸತ್ಯವಂತ ಎಂದು ತಿಳಿಯಬೇಡಿ. ಕಣ್ಣೆದುರು ಕಂಡದ್ದನ್ನು ಬರೆಯುವುದಕ್ಕೇ ನನಗೆ ಅರ್ಧ ತಾಸು ಬೇಕು. ಇಲ್ಲದ್ದನ್ನು ಕಟ್ಟಿ ಬರೆಯುವಷ್ಟು ಶಾಲೆ ನಾನು ಕಲಿತಿರಲಿಲ್ಲ. ‘ಹುಲ್ಯಾ ಇವತ್ತು ಏನೂ ತಿಂದಿಲ್ಲ. ನೀರು ಕುಡಿದಿದೆ. ಮಾಮಾ ದವಾಖಾನೆಗೆ ಹೋಗಬೇಕು. ತಪ್ಪೆಲ್ಲ ನಮ್ಮದು’ ಎಂದು ಬರೆದು ಕೊಟ್ಟೆ. ಗಫೂರಭಾಯಿ ಓದಿದ. ಅವತ್ತು ಬಸ್ಸಿಗೆ ಕೇಳುವಂತೆ ಓದಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡು, “ಅಲ್ಲಾ ದೊಡ್ಡಾಂವ ಅದಾನ” ಎಂದು ಗಂಟೆ ಹೊಡೆದ.

ಮಧ್ಯಾಹ್ನದ ಬಸ್ಸಿನಿಂದ ಮಾಮಾ ಮತ್ತು ರತ್ನಾ ಇಬ್ಬರೂ ಇಳಿದರು. ದವಾಖಾನೆಗೆ ಹೋಗುವ ಮೊದಲು ನಾಯಿಯನ್ನು ಕಣ್ಣಾರೆ ನೋಡಬೇಕೆಂದು ರತ್ನಾ ಹಟ ಹಿಡಿದಿದ್ದಳಂತೆ. ಮಾಮಾ ಹೊಟ್ಟೆಯ ಮೇಲಿನ ಕೈ ತೆಗೆದಿರಲಿಲ್ಲ. ರತ್ನಾ ಬೇವಿನ ಮರದಿಂದ ನಾಲ್ಕು ಮಾರು ದೂರ ಕೂತು ಹುಲ್ಯಾನನ್ನೇ ನೋಡಿದಳು. ತುಂಬ ಹೊತ್ತು ನೋಡಿದಳು.

“ಇದರ ಹೊಟ್ಟಿ ಯಾಕ ಉಬ್ಬಿ ಹಲಗಿ ಆಗೇತಿ? ಅತ್ತಿ, ನೀವ ದಿನಾ ಏನ್ ಹಾಕ್ತೀರಿ?”

“ನಾ ಏನ್ ಹಾಕ್ತೀನವ್ವಾ, ಬರೇ ರೊಟ್ಟಿ.”

“ಬರೇ ರೊಟ್ಟಿ?”

“...ಮ್ಯಾಲ ಎರಡ ಶೇಂಗಾ ಹೋಳಿಗಿ. ಶಕ್ತಿ ಬರಲಿ ಅಂತ. ತುಪ್ಪ ಹಚ್ಚಿ.”

“ಮಾಮಾ, ನೀವು?” ರತ್ನಾ ನನ್ನ ಅಪ್ಪನ ಕಡೆ ತಿರುಗಿದಳು.

ಅಪ್ಪ ಮೀಸೆ ತಿರುವಿದರು. “ಒಂದ ತಂಬಗಿ ಹಾಲು. ಮುಂಜಾನಿ. ಸಂಜಿಕೂ ಒಂದು. ಇವರಿಗಿ ಹೇಳಿದ್ದಿಲ್ಲ.”

ನನ್ನ ಸರದಿ ಬಂತು. ರಾತ್ರಿ ನನ್ನ ತಾಟಿನಲ್ಲಿಯ ಅರ್ಧ ಅನ್ನ ಅದಕ್ಕೇ ಹೋಗುತ್ತಿತ್ತು ಎಂದು ಒಪ್ಪಿಕೊಂಡೆ. ಅಕ್ಕಪಕ್ಕದ ಮನೆಯವರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ನೈವೇದ್ಯ ತಂದಿಟ್ಟು ಹೋಗುತ್ತಿದ್ದುದು ಆಗಲೇ ತಿಳಿದದ್ದು. ಇಷ್ಟಾಗುವಷ್ಟರಲ್ಲಿ ಗಫೂರಭಾಯಿಯೂ ಅಂಗಳಕ್ಕೆ ಬಂದು ನಿಂತಿದ್ದ. ಅವನು ಮಾಮಾನ ಮುಖ ನೋಡಿ ಕೆಮ್ಮಿದ.

“ಹೇಳಿಬಿಡ್ರಿ ಸೇಠ.”

ಮಾಮಾ ನೆಲ ನೋಡುತ್ತ ಹೇಳಿದರು. “ಪಾವ ಕಿಲೋ ಖವಾ. ದಿನಾ ಇವನ ಕೈಲೆ ಕಳಿಸ್ತಿದ್ದೆ. ಗುರುತಿನ ಮಿಠಾಯಿ ಅಂಗಡೀದು, ತಾಜಾ ಮಾಲು.”

“ನಾ ಅದರ ಕೂಡ ಎರಡ ಬಿಸ್ಕೂಟ” ಎಂದ ಗಫೂರಭಾಯಿ.

ರತ್ನಾ ಸೆರಗು ಬಾಯಿಗೆ ಹಿಡಿದುಕೊಂಡಳು. ಅಳುತ್ತಾಳೇನೋ ಎಂದು ನಾನು ಹೆದರಿದೆ. ಅವಳು ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಕ್ಕು ಮುಗಿದ ಮೇಲೆ ಅವಳು ಅಪ್ಪಣೆ ಹೊರಡಿಸಿದಳು. ಯಾರೂ ಏನೂ ಹಾಕಬಾರದು. ಇವತ್ತಿಗೆ ನೀರುಮಜ್ಜಿಗೆ ಸಾಕು. ಆದರೂ ಮಾಮಾ ಡಾಕ್ಟರ ಕಡೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮಾಮಾ ಅಕ್ಕಲಕೋಟಕ್ಕೆ ಹೋದರು. ಡಾಕ್ಟರು ಎಲ್ಲ ಕೇಳಿ, ನಾಳೆ ಮುಂಜಾನೆಯವರೆಗೆ ನೋಡೋಣ, ಆಮೇಲೂ ತಿನ್ನದಿದ್ದರೆ ಸುಯಿ ಶುರು ಮಾಡೋಣ ಎಂದರಂತೆ. ಹೊರಡುವ ಮೊದಲು ಮಾಮಾ ನಮ್ಮನ್ನೆಲ್ಲ ಸಾಲಾಗಿ ನೋಡಿದ್ದರು.

“ಇಂಥಾ ಮಂದಿ ಕೈಯಾಗ ಜೀವ ಬಿಟ್ಟ ಹೋಗಾವಲ್ಲ ನಾ. ರತ್ನಾ, ಉಳಿದ ದಿನಾ ನೀ ಇಲ್ಲೇ ಇದ್ದ ನಾಯಿ ನೋಡ್ಕೋ.”

ಮಗಳನ್ನು ಕಳಿಸುವುದಿಲ್ಲ ಎಂದವರು ತಾವೇ ಬಿಟ್ಟು ಹೋದರು. ಅದು ಅವರಿಗೆ ಹೊಳೆಯಿತೋ ಇಲ್ಲವೋ. ನಾನಂತೂ ನೆನಪಿಸಲಿಲ್ಲ.

ಮರುದಿನ ಮುಂಜಾನೆ ಹುಲ್ಯಾ ಬೇವಿನ ಆಚೆ ಬದಿಗೆ ಮಾಡಬೇಕಾದ್ದನ್ನು ಧಾರಾಳವಾಗಿ ಮಾಡಿ, ಅರ್ಧ ರೊಟ್ಟಿ ತಿಂದು, ಪೋಸ್ಟ್‌ಮನ್‌ನನ್ನು ನೋಡಿ ಬೊಗಳಿತು. ಎಲ್ಲವನ್ನೂ ಚೀಟಿಯಲ್ಲಿ ಬರೆದೆ. ಗಫೂರಭಾಯಿ ಮೊದಲು ಬಸ್ಸಿಗೆ, ಆಮೇಲೆ ಅಂಗಡಿಯಲ್ಲಿ ಮಾಮಾನಿಗೆ ಓದಿದ. ಬಸ್ಸಿನಲ್ಲಿ ಚಪ್ಪಾಳೆ ಬಿತ್ತಂತೆ.

ರತ್ನಾ ಮೊದಲ ದಿನ ರೊಟ್ಟಿಯ ಪರಾತವನ್ನು ಕಸಬರಿಗೆಯಿಂದ ದೂಡಿದಳು. ಎರಡನೇ ದಿನ ಕಸಬರಿಗೆ ಗಿಡ್ಡವಾಯಿತು. ಕೊನೆಯ ದಿನ ಕೈಯಿಂದ ಇಟ್ಟಳು. ಹುಲ್ಯಾ ಎದ್ದು ನಿಲ್ಲಲಿಲ್ಲ. ಬಾಲದ ತುದಿಯನ್ನು ಒಂದೇ ಸಲ ಅಲ್ಲಾಡಿಸಿ ಸುಮ್ಮನಾಯಿತು. ಅದೂ ನಮ್ಮ ಮನೆಯದೇ ತಾನೇ, ಹೆಚ್ಚು ಮಾತಿನ ಜಾತಿಯಲ್ಲ.

ಹನ್ನೊಂದನೇ ದಿನ ಮಾಮಾ ಹೊಸ ಧೋತರ ಉಟ್ಟು ಬಂದರು. ಹೊಟ್ಟೆಯ ಮೇಲೆ ಕೈ ಇರಲಿಲ್ಲ. “ಕುಂಭಾರಿ ಹಂತ್ಯಾಕ ನಮ್ಮ ಗುರುತಿನವನ ತ್ವಾಟ ಐತಿ. ನಾಯಿ ಅಲ್ಲಿ ಬಿಡೂಣು” ಎಂದರು.

“ಭಂಡಾರದ ನಾಯಿ ಹೊಸ್ತಿಲ ದಾಟೂದಿಲ್ಲ” ಎಂದರು ಅಪ್ಪ.

“ಹಂಗಾರ ನನ್ನ ಮಗಳು ದಾಟತಾಳ. ರತ್ನಾ, ಚೀಲ ತಗೋ.”

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಒಂದು ಚೀಟಿ ಮತ್ತು ಅರ್ಧ ತಾಸು ಕೊಟ್ಟಿದ್ದರೆ ಬರೆದು ತೋರಿಸುತ್ತಿದ್ದೆ.

ಬಾಗಿಲಲ್ಲಿ ನಿಂತಿದ್ದ ರತ್ನಾ ಹೇಳಿದಳು. “ನಾಯಿ ಇರಲಿ. ಹಗಲಿ ಸರಪಳ್ಯಾಗ ಇರಬೇಕು. ಊರ ಮಂದಿ ಕಾಲು ದೇವರಿಗಿ ಬಿಟ್ಟದ್ದಲ್ಲ.”

“ಅಂದ್ರ ನೀ ಇಲ್ಲೇ ಇರ್ತೀಯೇನು?” ಎಂದರು ಮಾಮಾ.

“ಅದು ನಾಯಿ ಮ್ಯಾಲ ಇಲ್ಲಪ್ಪಾ. ಹತ್ತ ದಿನಾ ಹುಲ್ಯಾ ತಿಂತೋ ಇಲ್ಲೋ ಅಂತ ಇಡೀ ಮನಿ ಒದ್ದಾಡ್ತು. ದಿನಾ ಚೀಟಿ ಬರದ್ರು. ಮೂರ ತಿಂಗಳು ನಾ ಉಂಡ್ನೋ ಇಲ್ಲೋ, ಒಬ್ಬರರ ಕೇಳ್ಯಾರೇನು? ಮೊದಲ ರೊಟ್ಟಿ ಅದಕ್ಕ. ಕಡೀ ರೊಟ್ಟಿ ನನಗ. ಅದೂ ಉಳದ್ರ.”

ಅಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಹಿರಿಯರೆಲ್ಲ ನೋಡುತ್ತಿದ್ದಂತೆಯೇ ನಾನು ಕೇಳಿದೆ, “ಇವತ್ತ ಉಂಡ್ಯಾ?”

“ಇಲ್ಲ.”

“ಮತ್ತ ಒಳಗ ನಡಿ. ನಾ ಬಡಸ್ತೀನಿ.”

“ಅಯ್ಯ, ನೀ ಬಡಸಬ್ಯಾಡೋ, ಸಾರೆಲ್ಲ ಚೆಲ್ತಿ!” ಎಂದು ಅವ್ವ ನನಗಿಂತ ಮೊದಲು ಒಳಗೆ ಓಡಿದಳು. ಒಲೆಯ ಮುಂದಿನ ಮಣೆ ಸರಿಸಿದ ಸದ್ದು ಕೇಳಿತು. ಅಪ್ಪ ಗಂಟಲು ಸರಿಮಾಡಿಕೊಂಡು ಆಕಾಶದ ಕಡೆ ನೋಡಿದರು. “ಐತವಾರ ಒಂದ ದಿನಾ ಮೊದಲ ರೊಟ್ಟಿ ಅದಕ್ಕ ಆಗಲಿ. ಉಳಿದ ದಿನಾ ಮೈಲಾರಲಿಂಗ ತಿಳಕೊಂತಾನ.”

ರತ್ನಾ ಒಳಗೆ ಹೋಗಿ ಮಣೆಯ ಮೇಲೆ ಕೂತಳು. ಮಾಮಾ ಕಿಟಕಿಯಿಂದ ಅದನ್ನು ನೋಡಿದರು. ಮಗಳು ಎರಡನೇ ರೊಟ್ಟಿಗೆ ಕೈ ಚಾಚುವವರೆಗೂ ನೋಡಿ, ಕೊಡೆ ತೆಗೆದುಕೊಂಡರು.

ನಾನು ಅವರನ್ನು ಬಸ್ಸಿನವರೆಗೆ ಕಳಿಸಲು ಹೋದೆ. ಗಫೂರಭಾಯಿ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದ. ಪ್ರತಿ ಕಿಟಕಿಯಲ್ಲೂ ಎರಡೆರಡು ತಲೆ.

“ಕ್ಯಾ ಹುವಾ ಸೇಠ? ಏನಾತು?”

ಮಾಮಾ ಹತ್ತಿ, ಸೀಟಿನ ಮೇಲೆ ಕೂತು, ಧೋತರ ಸರಿಮಾಡಿಕೊಂಡರು.

“ನಾಯಿ ಅಲ್ಲೇ ಐತಿ. ಮಗಳೂ ಅಲ್ಲೇ ಅದಾಳ. ಸೋಲಾಪುರಕ್ಕ ಒಂದ ತಿಕೀಟ ಹರಿ.”